ಸಾಕುಮಗನಾಗಿ ಬಂದ ಮಿಕ್ದಾದ್(ರ)



ನಂಜನಗೂಡಿನಿಂದಲೋ ತಿರುಮಕೂಡಲು ನರಸೀಪುರದಿಂದಲೋ ಮೈಸೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನೀವು ಎಂದಾದರೂ ಕುಳಿತಿದ್ದರೆ ಅಂಥವರನ್ನು ಖಂಡಿತ ನೋಡಿರುತ್ತೀರಿ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ವರ್ಷಗಟ್ಟಲೆ ಸೇರುತ್ತಾ ಬಂದ ಚೀಟಿಗಳ ದಪ್ಪ ಫೈಲು, ಇನ್ನೊಂದು ಬದಿಗೆ ಮನೆಯಿಂದ ತಂದ ಬುತ್ತಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ. ಕೆಲವರು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆಂದು ಹೋಗಿ ಪ್ರತಿ ಸಲವೂ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ಬರುತ್ತಾರೆ. ಇವರ ಕಾಯಿಲೆ ಇಂದು ಬಂದು ನಾಳೆ ಹೋಗುವಂಥದ್ದಲ್ಲ, ಅದರೊಂದಿಗೇ ಬಾಳಬೇಕು.

ಇಂಥ ರೋಗಿ ಮೊದಲ ಸಲ ಡಾಕ್ಟರರ ಮುಂದೆ ಕುಳಿತಾಗ ಅವರು ಕೇಳುವ ಪ್ರಶ್ನೆಗಳಲ್ಲೊಂದು, ನಿಮ್ಮ ತಂದೆಗೆ ಈ ಕಾಯಿಲೆ ಇತ್ತೇ, ತಾಯಿಗೆ ಇತ್ತೇ ಎಂಬುದು. ನಮ್ಮಲ್ಲಿ ಹೆಚ್ಚಿನವರು ತಕ್ಷಣ ಉತ್ತರ ಹೇಳುತ್ತೇವೆ. ಆದರೆ ಆ ಪ್ರಶ್ನೆಗೆ ತಲೆ ತಗ್ಗಿಸುವವರೂ ಇದ್ದಾರೆ. ಅವರು ಸಾಕುಮಕ್ಕಳು, ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ಲೇಪಾಲಕ್‌ಗಳು. ಸಾಕಿದ ತಂದೆಯ ಕಾಯಿಲೆ ಗೊತ್ತು, ಆದರೆ ಅದು ಇಲ್ಲಿ ಉಪಯೋಗಕ್ಕೆ ಬಾರದು. ಹೆತ್ತ ತಂದೆ ಯಾರೆಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಕೆಲವರಿಗೆ ತಾವು ಸಾಕುಮಕ್ಕಳೆಂಬುದೇ ಆ ಕುರ್ಚಿಯ ಮೇಲೆ ಕುಳಿತ ದಿನ ತಿಳಿಯುತ್ತದೆ.

ಈ ಎರಡು ಊರುಗಳಿಗೂ ಈ ಎರಡು ವಿಷಯಗಳಿಗೂ ಹಳೆಯ ನಂಟಿದೆ. ನಂಜನಗೂಡಿನ ದೇವರನ್ನು ನಮ್ಮ ಹಿಂದೂ ಸಹೋದರರು ರೋಗ ಕಳೆಯುವವನೆಂದು ನಂಬುತ್ತಾರೆ. ಟಿಪ್ಪು ಸುಲ್ತಾನರ ನೆಚ್ಚಿನ ಆನೆಯ ಕಣ್ಣಿನ ಬೇನೆ ಅಲ್ಲಿ ವಾಸಿಯಾಯಿತೆಂದೂ ಅಂದಿನಿಂದ ಸುಲ್ತಾನರು ಆ ದೇವರನ್ನು ಹಕೀಂ ನಂಜುಂಡ ಎಂದು ಕರೆದರೆಂದೂ ಜನ ಹೇಳುತ್ತಾರೆ. ಅತ್ತ ನರಸೀಪುರ ತಾಲೂಕಿನ ತಲಕಾಡಿನಲ್ಲಿ ಮರಳಿನಡಿ ಹೂತ ಗುಡಿಗಳ ಜೊತೆ ಅಲಮೇಲಮ್ಮನ ಶಾಪದ ಕಥೆಯೂ ಉಳಿದಿದೆ. ಮೈಸೂರಿನ ಅರಸರಿಗೆ ಮಕ್ಕಳಾಗದಿರಲೆಂದು ಆಕೆ ಶಪಿಸಿದಳು, ಆದ್ದರಿಂದಲೇ ಆ ಮನೆತನ ದತ್ತು ಪಡೆಯುತ್ತಾ ಬಂತು ಎನ್ನುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎರಡು ವರ್ಷದ ಮಗುವೊಂದನ್ನು ದತ್ತು ತೆಗೆದುಕೊಂಡದ್ದು ಇತಿಹಾಸ. ಆ ಮಗುವೇ 1881ರಲ್ಲಿ ಮೈಸೂರಿನ ಆಡಳಿತ ವಹಿಸಿಕೊಂಡ ಚಾಮರಾಜ ಒಡೆಯರು.

ಐತಿಹ್ಯಗಳ ಸತ್ಯಾಸತ್ಯ ನಮ್ಮ ವಿಷಯವಲ್ಲ. ನಾನು ಗಮನಿಸಿದ್ದು ಬೇರೊಂದನ್ನು. ಮಕ್ಕಳಾಗದಿದ್ದರೆ ಶಾಪ, ವಾಸಿಯಾಗದ ರೋಗ ಬಂದರೆ ಶಾಪ ಎಂಬ ಮಾತು ಮಸೀದಿಗೆ ಹೋಗುವ ನಮ್ಮ ಮನೆಗಳೊಳಗೂ ಬಂದು ಕುಳಿತಿದೆ. ಸಾಕಿದ ಮಗನಿಗೆ ಕಾಯಿಲೆ ಬಂದರಂತೂ ಕೇಳುವುದೇ ಬೇಡ. ಯಾರ ಪಾಪವೋ ಏನೋ, ಮನೆಗೆ ತಂದುಕೊಂಡಿರಿ ಎಂದು ಹೇಳುವವರು ನಮ್ಮ ನೆಂಟರಲ್ಲೇ ಸಿಗುತ್ತಾರೆ. ಹೆಣ್ಣುಮಕ್ಕಳನ್ನು ಕೊಡುವವನೂ ಗಂಡುಮಕ್ಕಳನ್ನು ಕೊಡುವವನೂ ಎರಡನ್ನೂ ಕೊಡುವವನೂ ಏನನ್ನೂ ಕೊಡದಿರುವವನೂ ಅಲ್ಲಾಹನೇ ಎಂದು ಸೂರಃ ಅಶ್ಶೂರಾದಲ್ಲಿ ಓದಿಯೂ ಹೀಗೆ ಹೇಳುತ್ತೇವೆ.

ಆದ್ದರಿಂದ ಇಂದು ಒಬ್ಬ ಸಹಾಬಿಯ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಅವರು ಸಾಕುಮಗನಾಗಿ ಬೆಳೆದವರು. ಕೊನೆಗಾಲದಲ್ಲಿ ತಮ್ಮ ದೇಹವೇ ತಮಗೆ ಭಾರವಾಗಿ ಬಾಳಿದವರು. ಹದೀಸ್ ಗ್ರಂಥಗಳಲ್ಲಿ ಮಿಕ್ದಾದ್ ಬಿನ್ ಅಸ್ವದ್(ರ) ಎಂಬ ಹೆಸರನ್ನು ನೀವು ಎಷ್ಟೋ ಸಲ ಓದಿದ್ದೀರಿ. ಅಸ್ವದ್ ಅವರನ್ನು ಹೆತ್ತವನಲ್ಲ.

ಅವರ ಹೆತ್ತ ತಂದೆ ಬಹ್ರಾ ಗೋತ್ರದ ಅಮ್ರ್. ಆತ ತನ್ನವರ ನಡುವೆ ಒಂದು ಕೊಲೆಯ ವ್ಯಾಜ್ಯದಲ್ಲಿ ಸಿಲುಕಿ ಊರು ಬಿಟ್ಟು ಹಳ್ರಮೌತ್‌ಗೆ ಹೋಗಿ ಕಿಂದಾ ಗೋತ್ರದವರ ಆಸರೆ ಪಡೆದನು. ಮಿಕ್ದಾದ್(ರ) ಹುಟ್ಟಿದ್ದು ಅಲ್ಲಿ. ಯುವಕರಾದಾಗ ಅವರಿಗೂ ಕಿಂದಾದ ಒಬ್ಬನಿಗೂ ಜಗಳವಾಗಿ, ಅವನ ಕಾಲಿಗೆ ಕತ್ತಿಯೇಟು ಕೊಟ್ಟು ಮಕ್ಕಾಕ್ಕೆ ಓಡಿಬಂದರು. ಅಂದಿನ ಅರಬರಲ್ಲಿ ಗೋತ್ರದ ಆಸರೆಯಿಲ್ಲದ ಪರವೂರಿನವನ ಪ್ರಾಣಕ್ಕೆ ಬೆಲೆಯಿರಲಿಲ್ಲ. ಕುರೈಶರ ಝುಹ್ರಾ ಮನೆತನದ ಅಸ್ವದ್ ಬಿನ್ ಅಬ್ದ್ ಯಗೂಸ್ ಅವರನ್ನು ತನ್ನವನಾಗಿ ಮಾಡಿಕೊಂಡು, ಇವನು ನನ್ನ ಮಗ ಎಂದು ಘೋಷಿಸಿದನು. ಅಂದಿನಿಂದ ಅವರು ಮಿಕ್ದಾದ್ ಬಿನ್ ಅಸ್ವದ್ ಆದರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಈ ಅಸ್ವದ್ ಪ್ರವಾದಿವರ್ಯರನ್ನು(ಸ) ಗೇಲಿ ಮಾಡುತ್ತಿದ್ದ ಮುಖಂಡರಲ್ಲೊಬ್ಬನೆಂದು ಚರಿತ್ರೆಕಾರರು ಬರೆದಿದ್ದಾರೆ. ಅಂಥವನ ನೆರಳಿನಲ್ಲಿದ್ದೇ ಮಿಕ್ದಾದ್(ರ) ಸತ್ಯವನ್ನು ಒಪ್ಪಿಕೊಂಡರು. ಒಪ್ಪಿಕೊಂಡು ಸುಮ್ಮನೆ ಕುಳಿತವರೂ ಅಲ್ಲ. ಇಸ್ಲಾಮನ್ನು ಬಹಿರಂಗವಾಗಿ ಘೋಷಿಸಿದ ಮೊದಲ ಏಳು ಮಂದಿಯಲ್ಲಿ ಅವರ ಹೆಸರನ್ನೂ ಇಬ್ನು ಮಸ್‌ಊದ್(ರ) ಎಣಿಸಿದ್ದಾರೆ. ಆಸರೆ ಕೊಟ್ಟವನ ಮುನಿಸನ್ನು ಎದುರು ಹಾಕಿಕೊಳ್ಳುವುದು ಸಾಕುಮಗನಿಗೆ ಎಷ್ಟು ಕಷ್ಟವೆಂದು ಹೆತ್ತವರ ಮನೆಯಲ್ಲಿ ಬೆಳೆದ ನಮಗೆ ಅರ್ಥವಾಗುವುದು ಸುಲಭವಲ್ಲ.

ಮದೀನಾದಲ್ಲಿ ಸೂರಃ ಅಲ್ ಅಹ್‌ಝಾಬ್‌ನ 4 ಮತ್ತು 5ನೆಯ ಸೂಕ್ತಗಳು ಅವತೀರ್ಣವಾದವು. ಬಾಯಿಮಾತಿನಿಂದ ಮಗನೆಂದು ಕರೆದ ಮಾತ್ರಕ್ಕೆ ಒಬ್ಬನು ಹೆತ್ತ ಮಗನಾಗುವುದಿಲ್ಲ, ಅವರನ್ನು ಅವರ ತಂದೆಯರ ಹೆಸರಿನಿಂದಲೇ ಕರೆಯಿರಿ, ಅದೇ ಅಲ್ಲಾಹನ ಬಳಿ ಹೆಚ್ಚು ನ್ಯಾಯದ ಮಾತು ಎಂಬುದು ಅದರ ಆಶಯ. ಪ್ರವಾದಿವರ್ಯರ(ಸ) ಸಾಕುಮಗ, ಅವರಿಗೆ ಅತ್ಯಂತ ಪ್ರಿಯರಾಗಿದ್ದ ಝೈದ್(ರ) ಅಂದಿನಿಂದ ಝೈದ್ ಬಿನ್ ಮುಹಮ್ಮದ್ ಆಗಿ ಉಳಿಯದೆ ಝೈದ್ ಬಿನ್ ಹಾರಿಸ ಆದರು. ಮಿಕ್ದಾದ್(ರ) ಕೂಡ ತಾನು ಅಮ್ರ್‌ನ ಮಗನೆಂದರು. ಆದರೆ ಜನರ ನಾಲಗೆಯಲ್ಲಿ ಹಳೆಯ ಹೆಸರು ಬೇರೂರಿತ್ತು. ಗುರುತಿಗಾಗಿ ಮಾತ್ರ ಹಾಗೆ ಕರೆದುದರಿಂದ ವಿದ್ವಾಂಸರು ಅದನ್ನು ತಪ್ಪೆಂದು ಎಣಿಸಲಿಲ್ಲ. ಅವರ ಹೆತ್ತ ತಂದೆ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು.

ಈ ಸೂಕ್ತವನ್ನು ಓದಿ ನಮ್ಮಲ್ಲಿ ಕೆಲವರು ಅರ್ಧದಲ್ಲೇ ನಿಲ್ಲಿಸುತ್ತಾರೆ. ನೋಡಿ, ಇಸ್ಲಾಮಿನಲ್ಲಿ ದತ್ತು ಇಲ್ಲ ಎಂದು ಹೇಳಿ ಅನಾಥ ಮಗುವಿನ ಕಡೆಯಿಂದ ಮುಖ ತಿರುಗಿಸಿಬಿಡುತ್ತಾರೆ. ಆದರೆ ಅದೇ 5ನೆಯ ಸೂಕ್ತ ಮುಂದುವರಿದು, ತಂದೆಯರು ಯಾರೆಂದು ತಿಳಿಯದಿದ್ದರೆ ಅವರು ನಿಮ್ಮ ಧರ್ಮಸಹೋದರರು, ನಿಮ್ಮ ಆಪ್ತರು ಎನ್ನುತ್ತದೆ. ಹೆಸರು ಬದಲಿಸಬೇಡಿ ಎಂದ ಉಸಿರಿನಲ್ಲೇ ಕೈ ಬಿಡಬೇಡಿ ಎಂದೂ ಹೇಳಲಾಗಿದೆ. ಅನಾಥನನ್ನು ನೋಡಿಕೊಳ್ಳುವವನು ಸ್ವರ್ಗದಲ್ಲಿ ತನಗೆ ಎರಡು ಬೆರಳುಗಳಷ್ಟು ಹತ್ತಿರವಿರುವನೆಂದು ತೋರಿಸಿಕೊಟ್ಟವರು ಸ್ವತಃ ಅನಾಥರಾಗಿ ಅಜ್ಜನ, ದೊಡ್ಡಪ್ಪನ ಮನೆಯಲ್ಲಿ ಬೆಳೆದ ಪ್ರವಾದಿವರ್ಯರೇ(ಸ) ಅಲ್ಲವೇ?

ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಸೇರಿದ ಮೇಲೆ ಅದಕ್ಕೆ ಕಪಿಲೆಯ ಹೆಸರಿಲ್ಲ, ಕಾವೇರಿ ಅಷ್ಟೇ. ನದಿಗೆ ಅದು ಸರಿ, ಮನುಷ್ಯನಿಗೆ ಸರಿಯಲ್ಲ. ಮಗುವಿನ ಮನಸ್ಸಿಗೆ ನೋವಾದೀತೆಂದು ಹೆತ್ತವರ ಹೆಸರನ್ನು ಮುಚ್ಚಿಡುವ ಸಾಕುತಂದೆ ತಾಯಂದಿರನ್ನು ನಾನು ಕೆಟ್ಟವರೆನ್ನುವುದಿಲ್ಲ. ಅವರದು ಪ್ರೀತಿಯೇ. ಆದರೆ ಆ ಮುಚ್ಚಿಟ್ಟದ್ದು ಮೂವತ್ತು ನಲ್ವತ್ತು ವರ್ಷಗಳ ನಂತರ ಆಸ್ಪತ್ರೆಯಲ್ಲಿ ಎದುರಾಗುತ್ತದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ಒಂದು ಕಾಯಿಲೆಯಿದೆ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಮೊದಲೇ ತಿಳಿದಿದ್ದರೆ ರಕ್ತದೊತ್ತಡವನ್ನು ಹಿಡಿತದಲ್ಲಿಟ್ಟು ಹಾನಿಯನ್ನು ಮುಂದೂಡಲು ಪ್ರಯತ್ನಿಸಬಹುದು. ತಲಸ್ಸೇಮಿಯಾ, ಸಕ್ಕರೆ ಕಾಯಿಲೆ, ಕೆಲವು ಹೃದ್ರೋಗಗಳಲ್ಲಿಯೂ ಮನೆತನದ ವಿವರ ಬೇಕಾಗುತ್ತದೆ. ಅಂಗ ಕಸಿಯ ಮಾತು ಬಂದಾಗ 1994ರ ಕಾಯ್ದೆ ಹತ್ತಿರದ ಬಂಧುಗಳನ್ನು ಒಂದು ಪಟ್ಟಿಯಲ್ಲಿ ಇಟ್ಟಿದೆ. ಆ ಪಟ್ಟಿಯ ಹೊರಗಿನವರು ಕೊಡಬೇಕಾದರೆ ದೃಢೀಕರಣ ಸಮಿತಿಯ ಮುಂದೆ ಹೋಗಬೇಕು. (ಅಂಗದಾನದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಆ ಚರ್ಚೆಗೆ ಇಲ್ಲಿ ಹೋಗುವುದಿಲ್ಲ.) ಒಡಹುಟ್ಟಿದವರು ಪಕ್ಕದ ಊರಿನಲ್ಲೇ ಇದ್ದು, ಇಬ್ಬರಿಗೂ ಒಬ್ಬರಿನ್ನೊಬ್ಬರು ತಿಳಿಯದೆ ಉಳಿದರೆ ಆ ಹೊಣೆ ಯಾರದು? ಹದಿನಾಲ್ಕು ಶತಮಾನಗಳ ಹಿಂದೆ, ಇಂಥ ಪರೀಕ್ಷೆಗಳು ಯಾವುವೂ ಇಲ್ಲದ ಕಾಲದಲ್ಲಿ, ಹೆತ್ತ ತಂದೆಯ ಹೆಸರನ್ನು ಅಳಿಸಬೇಡಿ ಎಂದ ಆಜ್ಞೆ ನನಗೆ ಈಗೀಗ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತಿದೆ.

ಕಾನೂನಿನ ಮಾತೂ ಸ್ವಲ್ಪ ಇರಲಿ. 1956ರ ಹಿಂದೂ ದತ್ತಕ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ. ಮುಸ್ಲಿಮರು ಬಹುಕಾಲ 1890ರ ಪಾಲಕರ ಕಾಯ್ದೆಯಡಿ ಮಗುವಿನ ಪೋಷಕರಾಗುತ್ತಿದ್ದರು. ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದು, ಆದರೆ ಅದು ಕಡ್ಡಾಯವಲ್ಲ, ತಮ್ಮ ಧರ್ಮವಿಧಿಯಂತೆ ನಡೆಯಲು ಬಯಸುವವರು ಹಾಗೆಯೇ ನಡೆಯಬಹುದು ಎಂದು ಸುಪ್ರೀಂ ಕೋರ್ಟು 2014ರ ಫೆಬ್ರವರಿಯಲ್ಲಿ ಹೇಳಿತು. ಯಾವ ದಾರಿ ಹಿಡಿದರೂ ಮಗುವಿಗೆ ಅದರ ಮೂಲವನ್ನು, ಅದು ಅರ್ಥಮಾಡಿಕೊಳ್ಳುವ ವಯಸ್ಸಿನಲ್ಲಿ, ಮೆಲ್ಲಗೆ ಹೇಳುವುದು ನಿಮ್ಮ ಕೈಯಲ್ಲಿದೆ. ನೆರೆಯವರ ಬಾಯಿಂದ ಕೇಳುವುದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ಅವನಿಗೆ ಮೇಲು.

ಮಿಕ್ದಾದ್‌ರ(ರ) ಕಥೆಗೆ ಮರಳೋಣ. ಮದೀನಾಕ್ಕೆ ಬಂದಾಗ ಅವರ ಬಳಿ ಏನೂ ಇರಲಿಲ್ಲ. ಅವರೂ ಇಬ್ಬರು ಗೆಳೆಯರೂ ಹಸಿವಿನಿಂದ ಕಣ್ಣು ಕಾಣದ, ಕಿವಿ ಕೇಳದ ಸ್ಥಿತಿಗೆ ತಲುಪಿದ್ದರು. ಯಾರೂ ಅವರನ್ನು ಕರೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪ್ರವಾದಿವರ್ಯರು(ಸ) ತಮ್ಮ ಮನೆಗೆ ಕರೆದೊಯ್ದು, ಅಲ್ಲಿದ್ದ ಮೂರು ಆಡುಗಳ ಹಾಲನ್ನು ಎಲ್ಲರೂ ಹಂಚಿಕೊಳ್ಳೋಣ ಎಂದರು. ರಾತ್ರಿ ಅವರು ತಮ್ಮ ಪಾಲನ್ನು ಕುಡಿದು ಪ್ರವಾದಿವರ್ಯರ(ಸ) ಪಾಲನ್ನು ಮುಚ್ಚಿಡುತ್ತಿದ್ದರು. ಪ್ರವಾದಿವರ್ಯರು(ಸ) ತಡವಾಗಿ ಬಂದು, ಎಚ್ಚರವಿದ್ದವರಿಗೆ ಕೇಳುವಂತೆ, ಮಲಗಿದವರು ಏಳದಂತೆ ಸಲಾಮ್ ಹೇಳುತ್ತಿದ್ದರು.

ಒಂದು ರಾತ್ರಿ ಮಿಕ್ದಾದ್‌ರ(ರ) ಮನಸ್ಸಿನಲ್ಲಿ ಶೈತಾನನು ಮಾತು ಬಿತ್ತಿದನು. ಅವರಿಗೆ ಅನ್ಸಾರರ ಮನೆಗಳಲ್ಲಿ ಊಟ ಸಿಗುತ್ತದೆ, ಈ ಒಂದು ಗುಟುಕು ಅವರಿಗೆ ಯಾಕೆ? ಮಿಕ್ದಾದ್(ರ) ಕುಡಿದುಬಿಟ್ಟರು. ಕುಡಿದ ಮೇಲೆ ನಿದ್ದೆಯೇ ಹತ್ತಿರ ಸುಳಿಯಲಿಲ್ಲ. ಹೊದ್ದ ಬಟ್ಟೆ ಚಿಕ್ಕದು, ಕಾಲು ಮುಚ್ಚಿದರೆ ತಲೆ ಹೊರಗೆ. ಗೆಳೆಯರು ನೆಮ್ಮದಿಯಿಂದ ಮಲಗಿದ್ದಾರೆ. ಪ್ರವಾದಿವರ್ಯರು(ಸ) ಬಂದರು, ನಮಾಝ್ ಮಾಡಿದರು, ಪಾತ್ರೆಯ ಮುಚ್ಚಳ ತೆಗೆದರು. ಏನೂ ಇಲ್ಲ. ಆಕಾಶದ ಕಡೆ ಮುಖವೆತ್ತಿದರು. ಈಗ ನನಗೆ ಶಾಪ ಬಿತ್ತು, ನಾನು ಕೆಟ್ಟೆ ಎಂದುಕೊಂಡರು ಮಿಕ್ದಾದ್(ರ). ಆದರೆ ಕೇಳಿಸಿದ್ದು ಪ್ರಾರ್ಥನೆ. ತನಗೆ ಉಣಿಸುವವನಿಗೆ ಉಣಿಸು, ಕುಡಿಸುವವನಿಗೆ ಕುಡಿಸು ಎಂದು ಅವರು ಅಲ್ಲಾಹನಲ್ಲಿ ಬೇಡಿದರು.

ಮಿಕ್ದಾದ್(ರ) ಎದ್ದು ಚೂರಿ ತೆಗೆದುಕೊಂಡು, ಕೊಬ್ಬಿದ ಆಡೊಂದನ್ನು ಕೊಯ್ದು ಉಣಿಸುವೆನೆಂದು ಹೋದರೆ ಎಲ್ಲ ಆಡುಗಳ ಕೆಚ್ಚಲೂ ಮತ್ತೆ ತುಂಬಿದ್ದವು. ನೊರೆ ಬರುವಂತೆ ಕರೆದು ತಂದುಕೊಟ್ಟರು. ಪ್ರವಾದಿವರ್ಯರು(ಸ) ಕುಡಿದು ಅವರಿಗೂ ಕೊಟ್ಟರು. ಆ ಪ್ರಾರ್ಥನೆಯ ಫಲ ತನಗೇ ಸಿಕ್ಕಿತೆಂದು ತಿಳಿದ ಮಿಕ್ದಾದ್(ರ) ನೆಲಕ್ಕೆ ಬೀಳುವಷ್ಟು ನಕ್ಕರು. ನಡೆದದ್ದನ್ನು ಹೇಳಿದಾಗ ಪ್ರವಾದಿವರ್ಯರು(ಸ) ಗದರಲಿಲ್ಲ. ಇದು ಅಲ್ಲಾಹನ ಕರುಣೆ, ಮೊದಲೇ ಹೇಳಿದ್ದರೆ ನಿನ್ನ ಇಬ್ಬರು ಗೆಳೆಯರನ್ನೂ ಎಬ್ಬಿಸಿ ಕುಡಿಸಬಹುದಿತ್ತಲ್ಲ ಎಂದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯನ್ನು ಸ್ವತಃ ಮಿಕ್ದಾದ್(ರ) ಹೇಳಿದ್ದಾರೆ. ತಾನು ಕದ್ದು ಕುಡಿದದ್ದನ್ನು ಬಚ್ಚಿಡದೆ ಹೇಳಿದ್ದಾರೆ.

ಮನೆಗೆ ತಂದ ಮಗು ಡಬ್ಬಿಯಿಂದ ಒಂದು ರೂಪಾಯಿ ತೆಗೆದರೆ ನಾವು ಹೇಳುವ ಮೊದಲ ಮಾತು ಯಾವುದು? ಸ್ವಂತ ಮಗ ತೆಗೆದರೆ ತುಂಟತನ, ಇವನು ತೆಗೆದರೆ ರಕ್ತದ ಗುಣ. ಅಲ್ಲವೇ?

ಮಿಕ್ದಾದ್(ರ) ಬದ್ರ್‌ನಲ್ಲಿ ಕುದುರೆಯೇರಿ ಹೋರಾಡಿದವರು. ಅಂದು ತಾವು ಮೂಸಾ(ಅ) ಅವರ ಜನರಂತೆ ಹಿಂದೆ ಕುಳಿತುಕೊಳ್ಳುವವರಲ್ಲ, ಎಡಬಲ ಹಿಂದೆ ಮುಂದೆ ನಿಂತು ಹೋರಾಡುತ್ತೇವೆ ಎಂದಾಗ ಪ್ರವಾದಿವರ್ಯರ(ಸ) ಮುಖ ಅರಳಿತು. ಇಷ್ಟಾದರೂ ಮದುವೆಯ ವಿಷಯದಲ್ಲಿ ಕುಲ ಅಡ್ಡ ಬಂತು. ಕುರೈಶರ ಒಬ್ಬ ಗಣ್ಯರು ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದರು. ನಿಮ್ಮ ಮಗಳನ್ನೇ ಕೊಡಿ ಎಂದಾಗ ಅವರು ಸಿಟ್ಟಿಗೆದ್ದರೆಂದು ವರದಿಯಿದೆ. ಪ್ರವಾದಿವರ್ಯರಿಗೆ(ಸ) ಈ ದೂರು ತಲುಪಿದಾಗ, ನಾನು ಮದುವೆ ಮಾಡಿಸುತ್ತೇನೆ ಎಂದು ತಮ್ಮ ದೊಡ್ಡಪ್ಪ ಝುಬೈರ್ ಬಿನ್ ಅಬ್ದುಲ್ ಮುತ್ತಲಿಬರ ಮಗಳು ಝುಬಾಅರನ್ನು(ರ) ಅವರಿಗೆ ಕೊಟ್ಟರು. ಹಾಶಿಮ್ ಮನೆತನದ ಹೆಣ್ಣು, ಎಲ್ಲಿಂದಲೋ ಓಡಿಬಂದ ಸಾಕುಮಗನ ಮನೆ ತುಂಬಿದಳು.

ಆ ಮನೆಯಲ್ಲಿ ಕಾಯಿಲೆಯೂ ಇತ್ತು. ಹಜ್ಜ್‌ಗೆ ಹೋಗುವ ಮನಸ್ಸಿದೆಯೇ ಎಂದು ಪ್ರವಾದಿವರ್ಯರು(ಸ) ಕೇಳಿದಾಗ, ತನ್ನ ಆರೋಗ್ಯ ಸರಿಯಿಲ್ಲವೆಂದು ಝುಬಾಅ(ರ) ಹೇಳಿದರು. ಹಾಗಾದರೆ ಮನೆಯಲ್ಲೇ ಇರು ಎಂದು ಅವರು ಹೇಳಲಿಲ್ಲ. ಹೊರಡು, ಆದರೆ ಎಲ್ಲಿ ಕಾಯಿಲೆ ತಡೆಯುವುದೋ ಅಲ್ಲೇ ಇಹ್ರಾಮ್‌ನಿಂದ ಬಿಡುಗಡೆ ಪಡೆಯುವೆನೆಂದು ಅಲ್ಲಾಹನೊಂದಿಗೆ ಮೊದಲೇ ಷರತ್ತು ಮಾಡಿಕೋ ಎಂದರು. ಈ ಹದೀಸನ್ನು ವರದಿ ಮಾಡುವಾಗ ಆಕೆ ಮಿಕ್ದಾದ್‌ರ(ರ) ಪತ್ನಿಯಾಗಿದ್ದರು ಎಂಬ ಮಾತೂ ಸೇರಿ ಬಂದಿದೆ. ದೀರ್ಘರೋಗಿಯನ್ನು ಎಲ್ಲದರಿಂದ ಹೊರಗಿಡುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ನಿಕಾಹ್‌ಗೆ ಕರೆಯುವುದಿಲ್ಲ, ಸಭೆಗೆ ಕರೆಯುವುದಿಲ್ಲ, ಅವನಿಗೆ ತೊಂದರೆಯಾದೀತು ಎನ್ನುತ್ತೇವೆ. ತೊಂದರೆಯಾದರೆ ಅರ್ಧದಲ್ಲೇ ಎದ್ದು ಹೋಗಲಿ. ಕರೆಯಿರಿ.

ಮಿಕ್ದಾದ್(ರ) ಎತ್ತರದ, ಕಪ್ಪು ಮೈಬಣ್ಣದ ವ್ಯಕ್ತಿ. ಅವರ ಹೊಟ್ಟೆ ದೊಡ್ಡದಿತ್ತು. ವಯಸ್ಸಾಗುತ್ತಾ ದೇಹದ ಭಾರ ಮಿತಿಮೀರಿತು. ಹಿಮ್ಸ್ ನಗರದಲ್ಲಿ ಹಣ ಬದಲಾಯಿಸುವವರ ಪೆಟ್ಟಿಗೆಯೊಂದರ ಮೇಲೆ ಅವರು ಕುಳಿತಿದ್ದುದನ್ನೂ ಅವರ ದೇಹ ಆ ಪೆಟ್ಟಿಗೆಯಿಂದ ಹೊರಚಾಚಿದ್ದುದನ್ನೂ ಕಂಡವರೊಬ್ಬರು ವರದಿ ಮಾಡಿದ್ದಾರೆ. ಆ ಸ್ಥಿತಿಯಲ್ಲೂ ಅವರು ದಂಡಿನೊಂದಿಗೆ ಹೊರಡಲು ಸಿದ್ಧರಾಗಿದ್ದರು. ಅಲ್ಲಾಹನು ನಿಮಗೆ ವಿನಾಯಿತಿ ಕೊಟ್ಟಿದ್ದಾನಲ್ಲ ಎಂದಾಗ, ಹಗುರವಿದ್ದರೂ ಭಾರವಿದ್ದರೂ ಹೊರಡಿರೆಂಬ ಸೂರಃ ತೌಬಾದ ಆಜ್ಞೆ ತನಗೆ ನೆಪ ಉಳಿಸಿಲ್ಲವೆಂದರು. ವಿನಾಯಿತಿ ಅವರಿಗೆ ನಿಜಕ್ಕೂ ಇತ್ತು. ಆದರೆ ರೋಗಿಯೇ ತಾನಾಗಿ ಮುಂದೆ ಬಂದಾಗ ಅವನನ್ನು ನಿಷ್ಪ್ರಯೋಜಕನೆಂದು ಯಾರೂ ಎಣಿಸಬಾರದು. ಹಾಗೆಯೇ ಇದನ್ನು ಓದಿ ಇನ್ಸುಲಿನ್ ತೆಗೆದುಕೊಳ್ಳುವವರು, ಡಯಾಲಿಸಿಸ್‌ನಲ್ಲಿರುವವರು ಡಾಕ್ಟರರ ಮಾತು ಮೀರಿ ಉಪವಾಸ ಹಿಡಿಯಬೇಡಿ. ವಿನಾಯಿತಿಯೂ ಕುರ್‌ಆನಿನದೇ ವಿಧಿ. ಆರೋಗ್ಯದಲ್ಲಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳು ರೋಗಿಯ ಲೆಕ್ಕದಲ್ಲಿ ಹಾಗೆಯೇ ಬರೆಯಲ್ಪಡುತ್ತವೆ ಎಂಬ ಸಿಹಿಸುದ್ದಿಯೂ ಹದೀಸಿನಲ್ಲಿದೆ.

ಅವರ ಮರಣದ ಬಗ್ಗೆ ಎರಡು ವರದಿಗಳಿವೆ. ಹರಳೆಣ್ಣೆ ಕುಡಿದು ತೀರಿಕೊಂಡರೆಂದು ಒಂದು. ಹೊಟ್ಟೆಯನ್ನು ಸೀಳಿ ಕೊಬ್ಬು ತೆಗೆದು ಹಗುರ ಮಾಡುತ್ತೇನೆಂದ ರೂಮಿ ಸೇವಕನೊಬ್ಬನಿಗೆ ದೇಹ ಒಪ್ಪಿಸಿದರು, ಅವನು ಸೀಳಿ ಹೊಲಿದನು, ಅವರು ತೀರಿಕೊಂಡರು, ಸೇವಕ ಓಡಿಹೋದನು ಎಂದು ಇನ್ನೊಂದು. ಯಾವುದೇ ಇರಲಿ, ಅವರು ಗುಣವಾಗಲು ಬಯಸಿದ್ದರು. ಚಿಕಿತ್ಸೆ ಹುಡುಕುವುದು ಸಹನೆಗೆ ವಿರುದ್ಧವಲ್ಲ. ಆದರೆ ವೈದ್ಯ ತಿಳಿಯದೆ ವೈದ್ಯ ಮಾಡಿದವನೇ ಹಾನಿಗೆ ಹೊಣೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿ ತಿಂದರೆ ಇನ್ಸುಲಿನ್ ಬಿಡಬಹುದೆಂದು ನಂಬಿಸುವವರಿಗೆ ನಿಮ್ಮ ಮಗನ ದೇಹವನ್ನು ಒಪ್ಪಿಸಬೇಡಿ.

ಇನ್ನೊಂದು ಮಾತು ಸಾಕಿದ ತಂದೆ ತಾಯಂದಿರಿಗೆ, ಅದರಲ್ಲೂ ವಯಸ್ಸಾದವರಿಗೆ. ನಿಮ್ಮ ಕಣ್ಣು ಮುಚ್ಚಿದ ನಲ್ವತ್ತು ದಿನಗಳೊಳಗೆ ನಿಮ್ಮ ಅಣ್ಣತಮ್ಮಂದಿರ ಮಕ್ಕಳು ಬಾಗಿಲಲ್ಲಿ ನಿಲ್ಲುತ್ತಾರೆ. ಶರೀಅತ್ತಿನಲ್ಲಿ ಸಾಕುಮಗ ವಾರಸುದಾರನಲ್ಲ, ನಿಜ. ಆದರೆ ಅದೇ ಶರೀಅತ್ತು ನಿಮ್ಮ ಸೊತ್ತಿನ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯುವ ಅಧಿಕಾರವನ್ನು ನಿಮಗೆ ಕೊಟ್ಟಿದೆ. ಬದುಕಿರುವಾಗಲೇ ಹಿಬಾ ಮಾಡುವ ದಾರಿಯೂ ಇದೆ. ಸೊತ್ತು ಹಂಚುವಾಗ ಹಾಜರಿರುವ ಅನಾಥರಿಗೂ ಬಡವರಿಗೂ ಏನಾದರೂ ಕೊಟ್ಟು ಒಳ್ಳೆಯ ಮಾತಾಡಿರೆಂದು ಸೂರಃ ಅನ್ನಿಸಾದ 8ನೆಯ ಸೂಕ್ತ ಹೇಳುತ್ತದೆ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಬೇಕಾದ ಮಗನಿಗೆ ಒಂದು ಕೋಣೆ, ಒಂದು ಅಂಗಡಿಯ ಬಾಡಿಗೆ ಬರೆದಿಡದೆ ಹೋದ ಪ್ರೀತಿ ಅವನ ಬಸ್ಸಿನ ಟಿಕೇಟಿಗೂ ಸಾಲದು. ಇದನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಇಬ್ಬರು ಸಾಕ್ಷಿಗಳನ್ನು ಕೂರಿಸಿ, ಊರಿನ ಆಲಿಮರನ್ನೂ ಒಬ್ಬ ವಕೀಲರನ್ನೂ ಕೇಳಿ ಬರೆಯಿಸಿ.

ಮಿಕ್ದಾದ್(ರ) ಕೂಡ ವಸಿಯ್ಯತ್ ಮಾಡಿದ್ದರು. ಹಸನ್ ಮತ್ತು ಹುಸೈನ್‌ರಿಗೆ(ರ) 36 ಸಾವಿರ, ಪ್ರವಾದಿ ಪತ್ನಿಯರಲ್ಲಿ ಪ್ರತಿಯೊಬ್ಬರಿಗೂ 7 ಸಾವಿರ ದಿರ್ಹಮ್ ಕೊಡಬೇಕೆಂದು ಹೇಳಿದ್ದನ್ನು ಅವರ ಮಗಳು ಕರೀಮಾ ವರದಿ ಮಾಡಿದ್ದಾರೆ. ಒಂದು ಕಾಲದಲ್ಲಿ ಅವರ ಪಾಲಿಗೆ ಬಂದದ್ದು ಆ ಮನೆಯ ಒಂದು ಗುಟುಕು ಹಾಲು.

ಹಿಜರಿ 33ರಲ್ಲಿ, ಸುಮಾರು ಎಪ್ಪತ್ತನೆಯ ವಯಸ್ಸಿನಲ್ಲಿ, ಮದೀನಾದಿಂದ ಮೂರು ಮೈಲಿ ದೂರದ ಜುರ್ಫ್ ಎಂಬಲ್ಲಿ ಅವರು ಕೊನೆಯುಸಿರೆಳೆದರು. ಆ ಭಾರವಾದ ದೇಹವನ್ನು ಜನರು ಹೆಗಲ ಮೇಲೆ ಹೊತ್ತು ಮದೀನಾಕ್ಕೆ ತಂದರು. ಖಲೀಫಾ ಉಸ್ಮಾನ್(ರ) ಜನಾಝ ನಮಾಝ್‌ಗೆ ನೇತೃತ್ವ ಕೊಟ್ಟರು. ಬಕೀಅ್‌ನಲ್ಲಿ ದಫನ ಮಾಡಲಾಯಿತು.